ಓದುಗರ ಪ್ರಶ್ನೋತ್ತರ: ಕಾಗದ ಕಾರ್ಖಾನೆಯ ನೀರು

ಹಿಂದಿನ ಸಂಚಿಕೆಯಲ್ಲಿ ಕಾಗದದ ತಯಾರಿಕೆಯ ಕುರಿತು ಬರೆದ ಟಿಪ್ಪಣಿಯಲ್ಲಿ, ಕಾಗದದ ಗುಣವನ್ನು ನಿರ್ಧರಿಸುವಲ್ಲಿ ನಾರಿಗಿಂತ ನೀರಿನ ಪಾಲು ಕಡಿಮೆಯೇನಲ್ಲ ಎಂದು ಹೇಳಿದ್ದೆ. ಅದನ್ನು ಒಪ್ಪದೆ ಬರೆದವರೂ ವಿವರ ಕೇಳಿ ಬರೆದವರೂ ಇದ್ದಾರೆ. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಾಗದವು ಒಣಗಿದ ವಸ್ತು. ತಯಾರಿಕೆಗೆ ಬಳಸಿದ ನೀರು ಕೊನೆಗೆ ಸೋರಿ, ಆವಿಯಾಗಿ ಹೋಗಿಬಿಡುತ್ತದೆ. ಹಾಗಿರುವಾಗ ನೀರಿನ ರಸಾಯನಕ್ಕೆ ತಾವು ಕೊಟ್ಟ ಮಹತ್ವ ಉತ್ಪ್ರೇಕ್ಷೆಯಲ್ಲವೇ? (ಶಿವಮೊಗ್ಗದ ಓದುಗರು)

ನೀರು ಹೋಗುವುದು ನಿಜ. ಅದು ಯಾವ ದಾರಿಯಲ್ಲಿ ಹೋಗುತ್ತದೆ, ಹೋಗುವಾಗ ಏನನ್ನು ಬಿಟ್ಟು ಹೋಗುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಯಂತ್ರದ ಹೆಡ್‌ಬಾಕ್ಸಿನಿಂದ (ತಿರುಳನ್ನು ಸಮನಾಗಿ ಹರಿಸುವ ಪೆಟ್ಟಿಗೆಯಿಂದ) ಓಡುವ ಜಾಲರಿಯ ಮೇಲೆ, ಅಂದರೆ ಕೆಲಸಗಾರರು ವೈರ್ ಎಂದು ಕರೆಯುವ ಪಟ್ಟಿಯ ಮೇಲೆ, ಬೀಳುವ ತೆಳು ತಿರುಳಿನಲ್ಲಿ ನಾರಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಅರ್ಧದಿಂದ ಒಂದು ಭಾಗ ಮಾತ್ರ. ಅರ್ಧ ಎಂದಿಟ್ಟುಕೊಂಡರೆ ಒಂದು ಟನ್ ನಾರಿನ ಜೊತೆಗೆ 199 ಟನ್ ನೀರಿರುತ್ತದೆ. ವೈರಿನ ತುದಿಗೆ ಬರುವ ಹೊತ್ತಿಗೆ ಹಾಳೆಯಲ್ಲಿ ನಾರಿನ ಪಾಲು ಶೇ. 20ಕ್ಕೆ ಏರಿ, 4 ಟನ್ ನೀರು ಮಾತ್ರ ಅದರಲ್ಲಿ ಉಳಿದಿರುತ್ತದೆ; ಮಿಕ್ಕ 195 ಟನ್ ಕೆಳಗೆ ಸೋರಿರುತ್ತದೆ. ಪ್ರೆಸ್ ಉರುಳೆಗಳು ಹಿಂಡಿದ ಮೇಲೆ ನಾರು ಶೇ. 45ರಷ್ಟಾಗಿ, ನೀರು ಸುಮಾರು 1.2 ಟನ್ನಿಗೆ ಇಳಿಯುತ್ತದೆ. ಉಗಿಯಿಂದ ಕಾದ ಡ್ರೈಯರುಗಳಲ್ಲಿ ಆವಿಯಾಗುವುದು ಬಹುಮಟ್ಟಿಗೆ ಇಷ್ಟೇ.

ಸೋರಿದ 195 ಟನ್ನನ್ನು ಯಾರೂ ಚೆಲ್ಲುವುದಿಲ್ಲ. ತೆಳು ಮಜ್ಜಿಗೆಯ ಬಣ್ಣದ ಆ ನೀರಿಗೆ ಪುಸ್ತಕಗಳಲ್ಲಿ ವೈಟ್ ವಾಟರ್ ಎಂದೂ ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬ್ಯಾಕ್ ವಾಟರ್ ಎಂದೂ ಹೆಸರು. ಅದರ ದೊಡ್ಡ ಪಾಲು ಒಂದೆರಡು ನಿಮಿಷಗಳಲ್ಲೇ ಫ್ಯಾನ್ ಪಂಪಿನ ಮೂಲಕ ಮತ್ತೆ ಹೆಡ್‌ಬಾಕ್ಸಿಗೆ ಮರಳಿ, ಹೊಸದಾಗಿ ಬಂದ ಗಟ್ಟಿ ತಿರುಳನ್ನು ತೆಳುಮಾಡುತ್ತದೆ. ಹೀಗೆ ಸುತ್ತುವ ನೀರಿನಲ್ಲಿ ಕರಗಿದ ಲವಣ, ಪಿಷ್ಟ, ಮರದ ರಾಳ, ಅಂಟು ಯಾವುವೂ ನೀರಿನೊಂದಿಗೆ ಆವಿಯಾಗಿ ಹೋಗುವಂಥವಲ್ಲ. ಅವು ಕಾಗದಕ್ಕೆ ಅಂಟಿಕೊಂಡು ಹೊರಗೆ ಹೋಗಬೇಕು, ಇಲ್ಲವೇ ಕೊಳಚೆ ನೀರಿನೊಂದಿಗೆ ಹೋಗಬೇಕು. ಎರಡೂ ಆಗದಿದ್ದರೆ ಅವು ಸುತ್ತುತ್ತಲೇ ಇದ್ದು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತವೆ. ಮುಂದೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ವಿಸ್ತರಣೆ ಎಂದೇ ತಿಳಿಯಬಹುದು.

ಇನ್ನೊಂದು ಸಂಗತಿಯೂ ಇದೆ. ನಾರುಗಳನ್ನು ಒಂದಕ್ಕೊಂದು ಹಿಡಿಸಲು ಸಾಮಾನ್ಯ ಕಾಗದದಲ್ಲಿ ಪ್ರತ್ಯೇಕವಾದ ಗೋಂದು ಬೇಕಿಲ್ಲ. ನೀರು ಕಡಿಮೆಯಾಗುತ್ತ ಬಂದಂತೆ ಅದರ ಮೇಲ್ಮೈ ಸೆಳೆತವು ನೆನೆದು ಮೆತ್ತಗಾದ ನಾರುಗಳನ್ನು ಪರಸ್ಪರ ಎಳೆದು ತೀರ ಹತ್ತಿರ ತರುತ್ತದೆ. ಕೊನೆಯ ನೀರೂ ಹೋದಾಗ ನಾರಿನ ಮೂಲವಸ್ತುವಾದ ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಮಳೆಯಲ್ಲಿ ನೆನೆದ ವೃತ್ತಪತ್ರಿಕೆ ಕೈಯಲ್ಲೇ ಹರಿದುಹೋಗುವುದಕ್ಕೂ ಇದೇ ಕಾರಣ: ನೀರಿನ ಅಣುಗಳು ಮರಳಿ ಬಂದು ಆ ಬಂಧಗಳ ನಡುವೆ ನುಸುಳುತ್ತವೆ.

ಪ್ರಶ್ನೆ: ಭದ್ರಾವತಿಯಲ್ಲೂ ದಾಂಡೇಲಿಯಲ್ಲೂ ಕಾಗದ ಕಾರ್ಖಾನೆಗಳನ್ನು ನದಿಯ ದಡದಲ್ಲೇ ಕಟ್ಟಿದ್ದು ನೀರಿನ ಪ್ರಮಾಣಕ್ಕಾಗಿಯೋ ಗುಣಕ್ಕಾಗಿಯೋ? (ಹಳಿಯಾಳದ ಓದುಗರು)

ಮೊದಲ ಕಾರಣಗಳು ಪ್ರಮಾಣ ಮತ್ತು ಬಿದಿರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಭದ್ರಾ ನದಿಯ ಬಳಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಕಾಳಿ ನದಿಯ ದಡದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಯ ಸ್ಥಾಪನೆ 1955ರದು. ಎರಡೂ ಕಡೆ ಸುತ್ತಲಿನ ಕಾಡಿನ ಬಿದಿರೇ ಆರಂಭದ ಕಚ್ಚಾವಸ್ತು. ಆದರೆ ಗುಣದ ಅನುಕೂಲವೂ ತಾನಾಗಿ ಒದಗಿಬಂತು. ಹೆಚ್ಚು ಮಳೆಯಾಗುವ ಪಶ್ಚಿಮ ಘಟ್ಟದ ಗಟ್ಟಿ ಬಂಡೆಗಳ ಮೇಲಿಂದ ಇಳಿದು ಬರುವ ನದಿನೀರು ಮೆದುವಾದದ್ದು. ಬಯಲುಸೀಮೆಯ ಕೊಳವೆಬಾವಿಯ ನೀರಿನಲ್ಲಿರುವಷ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಕರಗಿರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮರದಲ್ಲಿ ಸಹಜವಾಗಿರುವ ಕೊಬ್ಬಿನ ಆಮ್ಲಗಳೊಡನೆ ಕೂಡಿ ಕರಗದ ಸಾಬೂನಾಗುತ್ತದೆ. ಬಟ್ಟೆ ಒಗೆಯುವ ಬಕೆಟ್ಟಿನ ಅಂಚಿಗೆ ಕೂರುವ ಬೂದು ಜಿಗುಟು ಅದೇ ಜಾತಿಯದು. ಅದು ವೈರಿಗೂ ಪ್ರೆಸ್ಸಿನ ಕಂಬಳಿಗೂ ಅಂಟಿ, ಕಾಗದದ ಮೇಲೆ ಕಲೆಯಾಗಿ, ತೂತಾಗಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಮೆದು ನೀರು ಎಲ್ಲಕ್ಕೂ ಒಳ್ಳೆಯದು ಎನ್ನಲಾಗದು. ಹಳೆಯ ವೃತ್ತಪತ್ರಿಕೆಗಳ ಶಾಯಿಯನ್ನು ಸಾಬೂನಿನಿಂದ ಬಿಡಿಸಿ ಗಾಳಿಗುಳ್ಳೆಗಳ ಮೂಲಕ ತೇಲಿಸಿ ತೆಗೆಯುವ ಘಟಕಗಳಲ್ಲಿ ಸ್ವಲ್ಪ ಗಡಸುತನ ಬೇಕೇಬೇಕು. ಶಾಯಿಯ ಕಣಗಳನ್ನು ಗುಳ್ಳೆಗೆ ಹತ್ತಿಸುವುದು ಆ ಕ್ಯಾಲ್ಸಿಯಂ ಸಾಬೂನೇ. ಮಳೆಗಾಲದ ಕೆಂಪು ನೀರಿನ ಮಣ್ಣನ್ನು ತಿಳಿಗೊಳಿಸುವುದು ಸುಲಭ. ಅಣೆಕಟ್ಟಿನ ತಳದಿಂದ ಬರುವ ನೀರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಹೆಚ್ಚು ತೊಂದರೆಯವು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣವೂ ಕಾಗದಕ್ಕೆ ಹಳದಿ ಛಾಯೆ ಕೊಡಬಲ್ಲದು. ಮ್ಯಾಂಗನೀಸಂತೂ ತಿರುಳನ್ನು ಬಿಳುಪಾಗಿಸಲು ಹಾಕಿದ ಹೈಡ್ರೋಜನ್ ಪೆರಾಕ್ಸೈಡನ್ನು ಕೆಲಸ ಮಾಡುವ ಮೊದಲೇ ಒಡೆದುಹಾಕುತ್ತದೆ. ಅದಕ್ಕಾಗಿಯೇ ಪೆರಾಕ್ಸೈಡಿಗೆ ಮೊದಲು ಇಡಿಟಿಎ ಅಥವಾ ಡಿಟಿಪಿಎ ಹಾಕಿ ಆ ಲೋಹಗಳನ್ನು ಕಟ್ಟಿಹಾಕುವ ಕ್ರಮವಿದೆ.

ಪ್ರಶ್ನೆ: ನಾನು ರಾಸಾಯನಿಕ ಎಂಜಿನಿಯರಿಂಗ್ ವಿದ್ಯಾರ್ಥಿನಿ. ತರಬೇತಿಗೆ ಹೋಗಿದ್ದ ಕಾರ್ಖಾನೆಯಲ್ಲಿ ನೀರಿನ ಮರುಬಳಕೆ ಹೆಚ್ಚಿಸಿದ ಕೂಡಲೇ, ಸಣ್ಣ ಕಣಗಳನ್ನು ಹಾಳೆಯಲ್ಲಿ ಹಿಡಿದಿಡುವ ರಿಟೆನ್ಷನ್ ರಾಸಾಯನಿಕ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಪ್ರಮಾಣ ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ. ಅಲ್ಲಿಯ ಹಿರಿಯರು ‘ಟ್ರ್ಯಾಶ್ ಜಾಸ್ತಿಯಾಗಿದೆ’ ಎಂದರು. ಏನಿದು? (ದಾವಣಗೆರೆಯ ಓದುಗರು)

ನಿಮ್ಮ ಹಿರಿಯರು ಹೇಳಿದ್ದು ಸರಿ. ಆದರೆ ಆ ಪದ ಕಸದ ತೊಟ್ಟಿಯ ನೆನಪು ತಂದು ದಾರಿ ತಪ್ಪಿಸುತ್ತದೆ. ಪೂರ್ಣ ಹೆಸರು ಆನಯಾನಿಕ್ ಟ್ರ್ಯಾಶ್. ಕಣ್ಣಿಗೆ ಕಾಣದ, ನೀರಿನಲ್ಲಿ ಕರಗಿದ ಅಥವಾ ಅತಿಸೂಕ್ಷ್ಮವಾಗಿ ಹರಡಿದ, ಋಣ ವಿದ್ಯುದಾವೇಶವುಳ್ಳ ಪದಾರ್ಥಗಳೆಲ್ಲ ಅದರಲ್ಲಿ ಸೇರುತ್ತವೆ.

ಆವೇಶದ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ವೈರಿನ ರಂಧ್ರಗಳು ನೂರಾರು ಮೈಕ್ರಾನ್ ಅಗಲದವು. ಕಾಗದಕ್ಕೆ ತುಂಬುವ ಸುಣ್ಣದ ಕಲ್ಲಿನ ಪುಡಿಯ ಅಥವಾ ಬಿಳಿ ಜೇಡಿಯ ಕಣವಾದರೋ ಒಂದೆರಡು ಮೈಕ್ರಾನಿನದು. ಸೋಸುವಿಕೆಯಿಂದಷ್ಟೇ ಅದನ್ನು ಹಾಳೆಯಲ್ಲಿ ಹಿಡಿದಿಡುವುದು ಜರಡಿಯಲ್ಲಿ ಹಿಟ್ಟು ನಿಲ್ಲಿಸಿದಂತೆ. ಆದ್ದರಿಂದ ಅದು ನಾರಿಗೆ ಅಂಟಲೇಬೇಕು. ಅಂಟಲು ಅಡ್ಡಿ ಏನೆಂದರೆ, ನಾರಿನ ಮೇಲಿನ ಹೆಮಿಸೆಲ್ಯುಲೋಸಿನ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟು ಋಣಾವೇಶ ಪಡೆಯುತ್ತವೆ, ಮತ್ತು ಕಾರ್ಖಾನೆಯ ನೀರಿನಲ್ಲಿ ಕಣಗಳ ಮೈಯೂ ಸಾಮಾನ್ಯವಾಗಿ ಋಣವೇ ಆಗಿರುತ್ತದೆ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಕೊಡದಲ್ಲಿನ ಕೆಸರು ನೀರಿಗೆ ನಮ್ಮ ಅಜ್ಜಿಯರು ಪಟಿಕ ತಿರುವಿ ತಿಳಿಗೊಳಿಸುತ್ತಿದ್ದುದು ಇದೇ ತಳ್ಳಾಟವನ್ನು ಮುರಿಯುವ ಉಪಾಯ. ಕಾರ್ಖಾನೆಯಲ್ಲಿ ಆ ಕೆಲಸಕ್ಕೆ ಧನಾವೇಶದ ಪಾಲಿಮರುಗಳಿವೆ. ಒಂದು, ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟಕ್ಕೆ ನೂರು ಗ್ಲೂಕೋಸ್ ಘಟಕಗಳಿಗೆ ಎರಡು ಮೂರರಂತೆ ಧನ ಗುಂಪುಗಳನ್ನು ಜೋಡಿಸಿದ ಕ್ಯಾಟಯಾನಿಕ್ ಸ್ಟಾರ್ಚ್. ಇನ್ನೊಂದು, ಹತ್ತಾರು ಲಕ್ಷ ಅಣುಭಾರದ ಉದ್ದನೆಯ ಪಾಲಿಅಕ್ರಿಲಮೈಡ್; ಇದು ಒಂದು ನಾರಿನಿಂದ ಇನ್ನೊಂದು ಕಣಕ್ಕೆ ಸೇತುವೆಯಂತೆ ಚಾಚಿಕೊಳ್ಳುತ್ತದೆ. ನೀವು ರಿಟೆನ್ಷನ್ ರಾಸಾಯನಿಕ ಎಂದದ್ದು ಬಹುಶಃ ಇದನ್ನೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ತಿರುಳು ತೊಳೆಯುವಲ್ಲಿ ಉಳಿದುಹೋದ ಲಿಗ್ನಿನ್ (ಮರದಲ್ಲಿ ನಾರುಗಳನ್ನು ಬೆಸೆಯುವ ವಸ್ತು) ಚೂರುಗಳು, ಕರಗಿದ ಹೆಮಿಸೆಲ್ಯುಲೋಸ್, ಪೆರಾಕ್ಸೈಡಿನಿಂದ ಬಿಳುಪಾಗಿಸಿದ ಯಾಂತ್ರಿಕ ತಿರುಳಿನಿಂದ ಬರುವ ಪೆಕ್ಟಿಕ್ ಆಮ್ಲ, ರಾಳದ ಆಮ್ಲಗಳು, ಸಿಲಿಕೇಟ್, ಲೇಪಿತ ಕಾಗದದ ತುಂಡುಗಳನ್ನು ಮತ್ತೆ ಕಲಸಿದಾಗ ಬಿಡುಗಡೆಯಾಗುವ ಲೇಟೆಕ್ಸ್ ಮತ್ತು ಪಾಲಿಅಕ್ರಿಲೇಟ್ ಇವೆಲ್ಲವೂ ಋಣಾವೇಶದವು. ಇವು ಕರಗಿರುವುದರಿಂದ ನಾರಿಗಿಂತ ಬೇಗ ಪಾಲಿಮರನ್ನು ಸೇರುತ್ತವೆ. ನೀವು ಹಾಕಿದ ದುಬಾರಿ ಪಾಲಿಮರು ನಾರಿನ ಬಳಿ ಹೋಗುವ ಮೊದಲೇ ಇವುಗಳ ಜೊತೆ ತಟಸ್ಥವಾಗಿ ಮುಗಿದುಹೋಗುತ್ತದೆ. ತಾಜಾ ನೀರು ಹೆಚ್ಚಾಗಿ ಬರುತ್ತಿದ್ದಾಗ ಇವು ಕೊಳಚೆಯೊಂದಿಗೆ ಹೊರಹೋಗುತ್ತಿದ್ದವು. ಮರುಬಳಕೆ ಹೆಚ್ಚಿದಾಗ ಒಳಗೇ ಉಳಿದವು.

ಇದಕ್ಕೆ ಪಾಲಿಮರಿನ ಪ್ರಮಾಣ ಹೆಚ್ಚಿಸುವುದು ಮದ್ದಲ್ಲ. ಚಿಕ್ಕ ಅಣುವಿನ, ಸಾಂದ್ರ ಧನಾವೇಶದ, ಅಗ್ಗದ ಪದಾರ್ಥವೊಂದನ್ನು, ಉದಾಹರಣೆಗೆ ಪಾಲಿಅಲ್ಯೂಮಿನಿಯಂ ಕ್ಲೋರೈಡ್ ಅಥವಾ ಪಾಲಿಡ್ಯಾಡ್‌ಮ್ಯಾಕನ್ನು, ಗಟ್ಟಿ ತಿರುಳಿನ ಹಂತದಲ್ಲೇ, ಸಾಧ್ಯವಾದರೆ ಲೇಪಿತ ತುಂಡುಗಳ ತೊಟ್ಟಿಯಲ್ಲೇ, ಹಾಕಿ ಆ ಕಶ್ಮಲವನ್ನು ನಾರಿನ ಮೇಲೆಯೇ ಸ್ಥಿರಗೊಳಿಸಬೇಕು. ಅಲ್ಲಿಗೆ ಅದು ಸಣ್ಣ ಸಣ್ಣ ಕಂತಿನಲ್ಲಿ ಕಾಗದದೊಂದಿಗೆ ಹೊರಹೋಗುತ್ತದೆ. ಆಮೇಲೆ ಪಿಷ್ಟ, ಕೊನೆಗೆ ಹೆಡ್‌ಬಾಕ್ಸಿನ ಹತ್ತಿರ ಉದ್ದನೆಯ ಪಾಲಿಮರು, ಕೆಲವೆಡೆ ಅದರ ಹಿಂದೆಯೇ ಬೆಂಟೊನೈಟ್ ಎಂಬ ಜೇಡಿ ಅಥವಾ ಸೂಕ್ಷ್ಮ ಸಿಲಿಕಾ. ಕ್ರಮ ತಪ್ಪಿದರೆ ಅದೇ ಪದಾರ್ಥ, ಅದೇ ಪ್ರಮಾಣ, ಫಲ ಮಾತ್ರ ಬೇರೆ. ಎಷ್ಟು ಬೇಕೆಂದು ತಿಳಿಯಲು ಸೋಸಿದ ಬ್ಯಾಕ್ ವಾಟರಿನ ಮಾದರಿಯನ್ನು ಕಣಾವೇಶ ಮಾಪಕದಲ್ಲಿಟ್ಟು, ಒಳಗಿನ ಪ್ಲಾಸ್ಟಿಕ್ ಕೊಂತವು (ಪಿಸ್ಟನ್) ಮೇಲೆ ಕೆಳಗೆ ಆಡುವಾಗ ಹುಟ್ಟುವ ಸಣ್ಣ ವಿದ್ಯುತ್ತು ಸೊನ್ನೆಗೆ ಬರುವವರೆಗೆ ಪಾಲಿಡ್ಯಾಡ್‌ಮ್ಯಾಕ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಬಳಕೆಯಾದ ಹನಿಗಳ ಲೆಕ್ಕವೇ ಆ ನೀರಿನ ಧನಾವೇಶದ ಬೇಡಿಕೆ. ಬೇಡಿಕೆಗಿಂತ ಹೆಚ್ಚು ಸುರಿದರೂ ಕೆಡುಕೇ: ಎಲ್ಲ ಕಣಗಳೂ ಧನವಾಗಿ ಮತ್ತೆ ಪರಸ್ಪರ ತಳ್ಳತೊಡಗುತ್ತವೆ, ನೊರೆ ಏಳುತ್ತದೆ. ಸೊನ್ನೆಗಿಂತ ತುಸು ಋಣದ ಕಡೆಗೇ ಯಂತ್ರ ನಡೆಸುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಲವಣದ ವಿಷಯ ಬೇರೆ, ಅದನ್ನು ಟ್ರ್ಯಾಶಿನೊಡನೆ ಬೆರೆಸಬಾರದು. ಲವಣ ಹೆಚ್ಚಿ ನೀರಿನ ವಿದ್ಯುದ್ವಾಹಕತೆ ಏರಿದಂತೆ ಆವೇಶಗಳು ಒಂದನ್ನೊಂದು ಗುರುತಿಸುವ ದೂರ ಕುಗ್ಗುತ್ತದೆ. ಲೀಟರಿಗೆ ಒಂದು ಮಿಲಿಮೋಲ್ ಸಾಮಾನ್ಯ ಉಪ್ಪಿದ್ದಾಗ ಆ ದೂರ ಸುಮಾರು 10 ನ್ಯಾನೋಮೀಟರ್. ನೂರು ಮಿಲಿಮೋಲಾದರೆ ಸುಮಾರು 1 ನ್ಯಾನೋಮೀಟರ್. ಚಾಚಿಕೊಳ್ಳಬೇಕಾದ ಪಾಲಿಮರು ಆಗ ಉಂಡೆಯಾಗಿ ಸುರುಳಿಕೊಳ್ಳುತ್ತದೆ. ಸ್ಥಿರಕಾರಿ ಹಾಕಿದರೂ ಫಲ ಕಾಣದಿದ್ದರೆ ವಾಹಕತೆಯನ್ನು ಅಳೆದು ನೋಡಿ.

ಪ್ರಶ್ನೆ: ನಮ್ಮ ತಂದೆಯವರ 1960ರ ದಶಕದ ಪುಸ್ತಕಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ. ಅದಕ್ಕಿಂತ ಎಷ್ಟೋ ಹಳೆಯ ಕಾಗದಪತ್ರಗಳು ಗಟ್ಟಿಯಾಗಿವೆ. ಇದಕ್ಕೂ ನೀರಿಗೂ ಸಂಬಂಧವಿದೆಯೇ? (ಧಾರವಾಡದ ಓದುಗರು)

ನೇರ ಸಂಬಂಧವಿದೆ. ಒಣಗಿದ ಕಾಗದವು ತಾನು ಹುಟ್ಟಿದ ನೀರಿನ ಆಮ್ಲತೆಯನ್ನು ಬಹುಕಾಲ ಹೊತ್ತುಕೊಂಡಿರುತ್ತದೆ.

ಬರೆದ ಶಾಯಿ ಹರಡದಂತೆ ಮಾಡಲು ಕಾಗದಕ್ಕೆ ನೀರನ್ನು ತಡೆಯುವ ಗುಣ ಕೊಡಬೇಕು. ಯೂರೋಪಿನ ಹಳೆಯ ಕಾಗದಗಾರರು ಹಾಳೆಯನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್‌ನಲ್ಲಿ ಅದ್ದುತ್ತಿದ್ದರು. 1807ರಲ್ಲಿ ಜರ್ಮನಿಯ ಮೊರಿಟ್ಜ್ ಫ್ರೀಡ್ರಿಕ್ ಇಲ್ಲಿಗ್, ಪೈನ್ ಮರದ ರಾಳವಾದ ರೋಸಿನ್ನನ್ನು ತಿರುಳಿನ ನೀರಿಗೇ ಬೆರೆಸಿ ಪಟಿಕದಿಂದ ನಾರಿನ ಮೇಲೆ ಕೂರಿಸುವ ವಿಧಾನವನ್ನು ಪ್ರಕಟಿಸಿದರು. ಅದ್ದಿ ಒಣಗಿಸುವ ಒಂದು ಹಂತವೇ ಇಲ್ಲವಾದ್ದರಿಂದ ಓಡುವ ಯಂತ್ರಕ್ಕೆ ಈ ವಿಧಾನ ಹೇಳಿ ಮಾಡಿಸಿದಂತಿತ್ತು, ಮತ್ತು ಮುಂದಿನ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಆಳಿತು. ಇಲ್ಲಿ ಒಂದು ಮಾತು: ಕಾಗದದವರು ಆಲಂ ಎನ್ನುವುದು ಕ್ಷೌರದಂಗಡಿಯ ಪಟಿಕವನ್ನಲ್ಲ. ಅಂಗಡಿಯದು ಪೊಟಾಷಿಯಂ ಸೇರಿದ ಜೋಡಿ ಲವಣ. ಕಾರ್ಖಾನೆಯದು ಬರಿಯ ಅಲ್ಯೂಮಿನಿಯಂ ಸಲ್ಫೇಟ್.

ಅಲ್ಯೂಮಿನಿಯಂ ನೀರಿಗೆ ಬಿದ್ದ ಕೂಡಲೇ ನೀರಿನ ಅಣುಗಳಿಂದ ಹೈಡ್ರಾಕ್ಸಿಲನ್ನು ಹಿಡಿದು ಹೈಡ್ರೋಜನ್ ಅಯಾನನ್ನು ಬಿಡುತ್ತದೆ. ರೋಸಿನ್ ಚೆನ್ನಾಗಿ ಕೂರುವುದು ಪಿಎಚ್ (ಆಮ್ಲತೆಯ ಅಳತೆ; 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ) 4.5ರಿಂದ 5.5ರ ನಡುವೆ, ಏಕೆಂದರೆ ಅಲ್ಲಿ ಮಾತ್ರ ಅಲ್ಯೂಮಿನಿಯಂ ಬಲವಾದ ಧನಾವೇಶದ ರೂಪಗಳಲ್ಲಿರುತ್ತದೆ. ಪಿಎಚ್ ಏರಿ ತಟಸ್ಥದ ಹತ್ತಿರ ಬಂದರೆ ಆವೇಶ ಕಳೆದುಕೊಂಡು ಹೈಡ್ರಾಕ್ಸೈಡಿನ ಲೋಳೆಯಾಗುತ್ತದೆ. ಹೀಗಾಗಿ ಇಡೀ ಯಂತ್ರದ ನೀರನ್ನು ಆಮ್ಲೀಯವಾಗಿಯೇ ಇಡಬೇಕಾಯಿತು. ಆ ಆಮ್ಲ ಕಾಗದದಲ್ಲಿ ಉಳಿದು, ದಶಕಗಳ ಕಾಲ, ಗಾಳಿಯ ತೇವದ ನೆರವಿನಿಂದ, ಸೆಲ್ಯುಲೋಸಿನ ಉದ್ದನೆಯ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಸರಪಳಿ ಮೋಟಾದಾಗ ಹಾಳೆ ಮಡಿಕೆಯ ಬಳಿ ಮುರಿಯುತ್ತದೆ. ಹಳದಿಯಾಗುವುದು ಬಹುಪಾಲು ಬೇರೆಯ ಕಥೆ. ಅದು ಲಿಗ್ನಿನ್ ಉಳಿದ ಕಾಗದದ ಮೇಲೆ ಬೆಳಕು ಮಾಡುವ ಕೆಲಸ. ನಿಮ್ಮ ತಂದೆಯವರ ಪುಸ್ತಕಗಳಲ್ಲಿ ಬಹುಶಃ ಎರಡೂ ಕೂಡಿವೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಕಾಗದ ಸಂರಕ್ಷಕ ವಿಲಿಯಂ ಬ್ಯಾರೊ ಹಳೆಯ ಪುಸ್ತಕಗಳನ್ನು ಪರೀಕ್ಷಿಸುತ್ತ, ಚೆನ್ನಾಗಿ ಉಳಿದವುಗಳಲ್ಲಿ ಆಮ್ಲ ಕಡಿಮೆಯಿದ್ದು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕಾರ್ಬೊನೇಟುಗಳಿರುವುದನ್ನು ಗಮನಿಸಿದರು. ಚಿಂದಿಬಟ್ಟೆಯ ಉದ್ದ ನಾರಿನ ಜೊತೆಗೆ ಗಡಸು ನೀರೂ ಆ ಕಾಗದವನ್ನು ಕಾಪಾಡಿತ್ತು. ತಿರುಳಿಗೆ ತೊಂದರೆ ಕೊಡುವುದೆಂದು ಮೇಲೆ ನಾನು ದೂರಿದ ಅದೇ ಗಡಸು ನೀರು!

ಇಂದು ಹೆಚ್ಚಿನ ಬರವಣಿಗೆಯ ಕಾಗದ ತುಸು ಕ್ಷಾರೀಯ ನೀರಿನಲ್ಲಿ, ಪಿಎಚ್ 7.5ರಿಂದ 8.5ರ ಆಸುಪಾಸಿನಲ್ಲಿ ತಯಾರಾಗುತ್ತದೆ. ರೋಸಿನ್ ಜಾಗಕ್ಕೆ ಎಕೆಡಿ ಎಂಬ ಮೇಣದಂಥ ವಸ್ತುವೋ ಎಎಸ್‌ಎ ಎಂಬ ಎಣ್ಣೆಯೋ ಬಂದಿದೆ. ಯೂರೋಪಿನಲ್ಲಿ ಈ ಬದಲಾವಣೆ 1970 ಮತ್ತು 80ರ ದಶಕಗಳಲ್ಲಿ ಬಲಗೊಂಡಿತು, ನಮ್ಮಲ್ಲಿ ಇನ್ನೂ ತಡವಾಗಿ. ಕಾಗದದ ಆಯುಸ್ಸಿನ ಮೇಲಿನ ಕಾಳಜಿಗಿಂತ ಹಣದ ಲೆಕ್ಕವೇ ಇದರ ಹಿಂದೆ ಹೆಚ್ಚಾಗಿತ್ತು ಎನ್ನಬೇಕು: ಆಮ್ಲದ ನೀರಿನಲ್ಲಿ ಸುಣ್ಣದ ಕಲ್ಲಿನ ಪುಡಿ ಕರಗಿ ಇಂಗಾಲದ ಡೈಆಕ್ಸೈಡಾಗಿ ನೊರೆಗಟ್ಟುತ್ತದೆ, ಕ್ಷಾರದ ನೀರಿನಲ್ಲಿ ನಿಲ್ಲುತ್ತದೆ; ನಾರಿಗಿಂತ ಅದು ಅಗ್ಗ. ಎಕೆಡಿಗೂ ನೀರಿನ ಮೇಲೆ ತನ್ನದೇ ಹಟವಿದೆ. ನೀರಿನಲ್ಲಿ ಸಾಕಷ್ಟು ಬೈಕಾರ್ಬೊನೇಟ್ ಇಲ್ಲದಿದ್ದರೆ ಅದು ಸೆಲ್ಯುಲೋಸಿನೊಡನೆ ನಿಧಾನವಾಗಿ ಕೂಡುತ್ತದೆ. ನಾರಿಗೆ ಅಂಟದೆ ಉಳಿದ ಎಕೆಡಿಯಾದರೋ ಸುತ್ತುವ ನೀರಿನಲ್ಲೇ ವಿಘಟನೆಗೊಂಡು, ಪ್ರಯೋಜನವಿಲ್ಲದ ಜಿಡ್ಡಾಗಿ ಉರುಳೆಗಳಿಗೆ ಅಂಟುತ್ತದೆ. ಎಎಸ್‌ಎ ಇನ್ನೂ ಅವಸರದ್ದು, ಅದನ್ನು ಕಾರ್ಖಾನೆಯಲ್ಲೇ ಪಿಷ್ಟದೊಡನೆ ಕಡೆದು ಆಗಿಂದಾಗಲೇ ಬಳಸಬೇಕು.

ಮುಂದೆ ಪುಸ್ತಕ ಅಚ್ಚುಹಾಕಿಸುವುದಿದ್ದರೆ 1994ರ ಐಎಸ್‌ಒ 9706 ಮಾನದಂಡದ ಕಾಗದ ಕೇಳಿ. ಅದು ಪಿಎಚ್ 7.5ರಿಂದ 10ರ ನಡುವೆ ಇರಬೇಕೆಂದೂ, ಆಮ್ಲವನ್ನು ಎದುರಿಸಲು ಕನಿಷ್ಠ ಶೇ. 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಅದರಲ್ಲಿರಬೇಕೆಂದೂ ವಿಧಿಸುತ್ತದೆ.

ಪ್ರಶ್ನೆ: ಹಳೆಯ ರಟ್ಟಿನಿಂದ ಕ್ರಾಫ್ಟ್ ಕಾಗದ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೊರಗೆ ನೀರು ಬಿಡುವುದನ್ನು ಬಹುತೇಕ ನಿಲ್ಲಿಸಿದ ಮೇಲೆ ಕಾಗದಕ್ಕೇ ಕಮಟು ವಾಸನೆ ಬಂದಿದೆ, ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತಿದೆ, ಕಬ್ಬಿಣದ ಭಾಗಗಳು ಕಪ್ಪಾಗುತ್ತಿವೆ. ಮೂರಕ್ಕೂ ಒಂದೇ ಕಾರಣವೇ? (ಹೆಸರು, ಊರು ಬೇಡವೆಂದವರು)

ಮೂರರ ಬೇರೂ ಒಂದೇ. ಮೊದಲ ಉತ್ತರದ ಲೆಕ್ಕವನ್ನು ಮುಂದುವರಿಸೋಣ. ಒಂದು ಟನ್ ಕಾಗದಕ್ಕೆ 20 ಕೆ.ಜಿ. ಕರಗುವ ಪದಾರ್ಥ ನೀರಿಗೆ ಸೇರುತ್ತದೆ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳಿ. ಟನ್ನಿಗೆ 50 ಘನ ಮೀಟರ್ ನೀರು ಹೊರಬಿಡುವ ಕಾರ್ಖಾನೆಯಲ್ಲಿ ಅದರ ಸಾಂದ್ರತೆ ಲೀಟರಿಗೆ ಸುಮಾರು 0.4 ಗ್ರಾಂ, 10 ಘನ ಮೀಟರ್ ಬಿಟ್ಟರೆ 2 ಗ್ರಾಂನ ಆಸುಪಾಸು. ಏನನ್ನೂ ಬಿಡದಿದ್ದರೆ ಹೊರಗೆ ಹೋಗುವ ದಾರಿ ಪ್ರೆಸ್ ದಾಟಿದ ಹಾಳೆಯಲ್ಲಿರುವ 1.2 ಟನ್ ನೀರು ಮಾತ್ರ. ಆಗ ಸಾಂದ್ರತೆ ಲೀಟರಿಗೆ 16 ಗ್ರಾಂ ದಾಟುತ್ತದೆ. ಹತ್ತರಿಂದ ಸೊನ್ನೆಗೆ ಇಳಿಯುವ ಆ ಕೊನೆಯ ಮೆಟ್ಟಿಲು, ಐವತ್ತರಿಂದ ಹತ್ತಕ್ಕೆ ಇಳಿದುದಕ್ಕಿಂತ ಎಷ್ಟು ಕಡಿದು ಎಂಬುದನ್ನು ಗಮನಿಸಬೇಕು. ನೀರು ಉಳಿಸಬೇಕೆಂಬ ಉತ್ಸಾಹದಲ್ಲಿ ಈ ಲೆಕ್ಕವನ್ನು ಮರೆಯುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ರಟ್ಟಿನಿಂದ ಕರಗಿ ಬರುವುದರಲ್ಲಿ ಪಿಷ್ಟವೇ ಮುಖ್ಯ. ಅಲೆಅಲೆಯ ಪದರವನ್ನು ಅಂಟಿಸಿದ ಗೋಂದೂ ಪಿಷ್ಟ, ಮೇಲ್ಮೈಗೆ ಬಳಿದದ್ದೂ ಪಿಷ್ಟ. ನಲವತ್ತು ಡಿಗ್ರಿಯ ಬೆಚ್ಚನೆಯ, ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಗ್ಲೂಕೋಸಾಗಿಸಿ, ಅಸಿಟಿಕ್, ಪ್ರೊಪಿಯಾನಿಕ್, ಬ್ಯೂಟಿರಿಕ್ ಆಮ್ಲಗಳಾಗಿ ಹುದುಗಿಸುತ್ತವೆ. ಕೆಟ್ಟ ಬೆಣ್ಣೆಯ ಕಮಟು ಬ್ಯೂಟಿರಿಕ್ ಆಮ್ಲದ್ದೇ. ನಿಮ್ಮ ಕಾಗದದ ವಾಸನೆಯೂ ಅದೇ. ಈ ಆಮ್ಲಗಳು ಹಳೆಯ ಕಾಗದದಲ್ಲಿದ್ದ ಸುಣ್ಣದ ಪುಡಿಯನ್ನು ಕರಗಿಸುವುದರಿಂದ ನೀರಿನ ಕ್ಯಾಲ್ಸಿಯಂ ಏರುತ್ತದೆ. ಆ ನೀರು ಎಲ್ಲಿ ಪಿಎಚ್ ಏರುತ್ತದೋ, ಎಲ್ಲಿ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಳ್ಳುತ್ತದೋ, ಅಲ್ಲಿ ಕ್ಯಾಲ್ಸಿಯಂ ಮತ್ತೆ ಕಾರ್ಬೊನೇಟಾಗಿ ಪದರಗಟ್ಟುತ್ತದೆ. ಇನ್ನು ಆಲಂ ಮೂಲಕ ಬಂದ ಸಲ್ಫೇಟು: ಗಾಳಿಯಿಲ್ಲದೆಡೆ ಬದುಕುವ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡಾಗಿಸುತ್ತದೆ, ಅದು ಕಬ್ಬಿಣದೊಡನೆ ಕೂಡಿ ಕಪ್ಪು ಸಲ್ಫೈಡಾಗುತ್ತದೆ.

ಬರಿಯ ಕ್ರಿಮಿನಾಶಕ ಸುರಿಯುವುದರಿಂದ ಇದು ನಿಲ್ಲದು. ಕೊಳವೆಯ ಒಳಮೈಗೆ ಕೂತ ಲೋಳೆಯೊಳಗೆ ಅದು ಸುಲಭವಾಗಿ ಇಳಿಯುವುದಿಲ್ಲ. ತೊಟ್ಟಿಗಳ ಮೂಲೆಗಳಲ್ಲಿ ತಿರುಳು ನಿಂತು ಕೊಳೆಯದಂತೆ ಕಲಕುವುದು, ಬೇಡದ ದೊಡ್ಡ ತೊಟ್ಟಿಗಳನ್ನು ಬಿಟ್ಟು ನೀರು ಒಳಗೆ ನಿಲ್ಲುವ ಅವಧಿಯನ್ನು ಕಡಿಮೆ ಮಾಡುವುದು, ಗಾಳಿ ಊದುವುದು, ಆಲಂ ಬದಲು ಸಲ್ಫೇಟಿಲ್ಲದ ಪಾಲಿಅಲ್ಯೂಮಿನಿಯಂ ಕ್ಲೋರೈಡ್ ಬಳಸುವುದು ಮೊದಲ ಹೆಜ್ಜೆಗಳು. ಪೂರ್ತಿ ಮುಚ್ಚಿದ ಸುತ್ತು ಬೇಕೇಬೇಕೆಂದರೆ ಅದಕ್ಕೆ ಮೂತ್ರಪಿಂಡದಂಥದ್ದೊಂದು ಬೇಕು. ಜರ್ಮನಿಯ ಝುಲ್ಪಿಷ್‌ನಲ್ಲಿ ರಟ್ಟಿನ ಕಾಗದದ ಕಾರ್ಖಾನೆಯೊಂದು 1990ರ ದಶಕದಲ್ಲಿ ತನ್ನ ಸುತ್ತುನೀರಿನ ಒಂದು ಪಾಲನ್ನು ನಿರಂತರವಾಗಿ ಹೊರತೆಗೆದು, ಮೊದಲು ಗಾಳಿಯಿಲ್ಲದ, ಬಳಿಕ ಗಾಳಿಯುಳ್ಳ ಜೈವಿಕ ತೊಟ್ಟಿಗಳಲ್ಲಿ ಶುದ್ಧಮಾಡಿ ಮರಳಿ ಯಂತ್ರಕ್ಕೆ ಕೊಡುವ ವ್ಯವಸ್ಥೆ ಮಾಡಿಕೊಂಡಿತು. ಆಮ್ಲಗಳು ಅಲ್ಲಿ ಜೈವಿಕ ಅನಿಲವಾಗಿ ಹೊರಬರುತ್ತವೆ. ನಿಮ್ಮ ಕಾರ್ಖಾನೆಗೆ ಅಷ್ಟು ಬಂಡವಾಳವಿಲ್ಲದಿದ್ದರೆ, ಟನ್ನಿಗೆ ನಾಲ್ಕೈದು ಘನ ಮೀಟರನ್ನಾದರೂ ಶುದ್ಧೀಕರಿಸಿ ನಿಯಮದಂತೆ ಹೊರಬಿಡುವುದು, ಎಲ್ಲವನ್ನೂ ಒಳಗೆ ಕೂಡಿಹಾಕುವುದಕ್ಕಿಂತ ಮೇಲು.

ಒಂದು ಎಚ್ಚರಿಕೆಯನ್ನು ನೀವು ಕೇಳದಿದ್ದರೂ ಹೇಳಬೇಕು. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆಯನ್ನು ನಂಬಿ ಯಾರೂ ತೊಟ್ಟಿಗೆ ಇಳಿಯಬಾರದು. ಹತ್ತು ಲಕ್ಷಕ್ಕೆ ನೂರು ಭಾಗದ ಆಸುಪಾಸಿನಲ್ಲಿ ಅದು ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ; ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ನಿಂತ ತಿರುಳನ್ನು ಕಲಕಿದಾಗ ಒಮ್ಮೆಲೇ ಏಳುತ್ತದೆ. ಮಾಪಕದಿಂದ ಅಳೆದು, ಗಾಳಿ ಹಾಯಿಸಿ, ಮೇಲೆ ಕಾವಲಿಗೆ ಒಬ್ಬರನ್ನು ನಿಲ್ಲಿಸದೆ ಇಳಿಯಲು ಹೇಳಿದರೆ ಇಳಿಯಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹಾಗೆಯೇ ಧುಮುಕುವುದೂ ಬೇಡ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳಿಂದ ಹಳೆಯ ನೋಟುಪುಸ್ತಕಗಳ ತಿರುಳು ಮಾಡಿಸಿ ಹಾಳೆ ಎತ್ತಿಸುತ್ತೇವೆ. ನಾರು ಉಂಡೆಗಟ್ಟುತ್ತದೆ, ಶಾಯಿ ಹರಡುತ್ತದೆ. ನೀರಿಗೆ ಏನಾದರೂ ಬೆರೆಸಬಹುದೇ? (ಮಂಡ್ಯ ಜಿಲ್ಲೆಯ ಶಿಕ್ಷಕಿ)

ಬೆಂಡೆ ಗಿಡದ ಲೋಳೆಯನ್ನು ಪ್ರಯತ್ನಿಸಿ. ಜಪಾನಿನ ಕೈಕಾಗದದವರು ಬೆಂಡೆಯದೇ ಕುಲದ ತೊರೊರೊ ಆಓಯಿ ಎಂಬ ಗಿಡದ ಬೇರಿನ ಲೋಳೆಯನ್ನು ನೀರಿಗೆ ಸೇರಿಸುತ್ತಾರೆ. ಅದು ನೀರನ್ನು ಮಂದಗೊಳಿಸಿ, ಉದ್ದನೆಯ ನಾರುಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ತೇಲಿಸಿಡುತ್ತದೆ. ಬಿಸಿಯಲ್ಲಿ ಆ ಲೋಳೆಯ ಗಟ್ಟಿತನ ಬೇಗ ಕಳೆದುಹೋಗುವುದರಿಂದಲೇ ಅವರು ಚಳಿಗಾಲದ ಕೆಲಸವನ್ನು ಮೆಚ್ಚುತ್ತಾರೆ. ನಿಮ್ಮ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲಿನ ಕಸವನ್ನು ಒಟ್ಟುಗೂಡಿಸಿ ತೆಗೆಯಲು ಬೆಂಡೆಯ ಲೋಳೆ ಹಾಕುವುದನ್ನು ನೀವು ನೋಡಿರಬಹುದು. ಕುದಿಯುವ ಹಾಲಿನಲ್ಲಿ ಒಟ್ಟುಗೂಡಿಸುವುದು, ತಣ್ಣನೆಯ ತಿರುಳಿನಲ್ಲಿ ಬೇರ್ಪಡಿಸುವುದು, ಎರಡೂ ಅದರಿಂದಲೇ! ಮುಂಜಾನೆ ತಣ್ಣೀರಿನಲ್ಲಿ ಹಿಸುಕಿ, ಸೋಸಿ, ಅಂದೇ ಬಳಸಬೇಕು.

ಶಾಯಿ ಹರಡದಿರಲು, ಒಣಗಿದ ಹಾಳೆಯ ಮೇಲೆ ತೆಳು ಅಕ್ಕಿಗಂಜಿಯನ್ನೋ ಮೈದಾ ಗಂಜಿಯನ್ನೋ ಬಳಿದು ಮತ್ತೊಮ್ಮೆ ಒಣಗಿಸಿದರೆ ಸಾಕು. ಮಕ್ಕಳು ಇಟ್ಟುಕೊಳ್ಳುವ ಹಾಳೆಗೆ ಪಟಿಕ ಬೇಡ, ಕಾರಣವನ್ನು ಧಾರವಾಡದವರಿಗೆ ಹೇಳಿದ್ದೇನೆ. ಜಾಲರಿಯಿಂದ ಸೋರಿದ ನೀರನ್ನು ಅದೇ ದಿನ ಮತ್ತೆ ತಿರುಳಿಗೆ ಬಳಸಿಕೊಳ್ಳಬಹುದು. ಮಾರನೆಯ ದಿನಕ್ಕೆ ಇಟ್ಟರೆ ಹುಳಿ ವಾಸನೆ ಬರುತ್ತದೆ. ಬಂದರೆ ಗಿಡದ ಬುಡಕ್ಕೆ ಸುರಿದುಬಿಡಿ.